ಹಿಡಿತಕ್ಕೆ ಸಿಕ್ಕ ಮೇಲೆ ಏನು ಮಾಡುತ್ತೀರಿ? ಕರಾಟೆಯವರಿಗೆ ಕುಸ್ತಿಯ ಪಾಠ

ಎಂಟು ವರ್ಷ ಕರಾಟೆ ಮಾಡಿದ ಮೇಲೆ ಮೊದಲ ಸಲ ಒಬ್ಬ ಕುಸ್ತಿಪಟುವಿನ ಎದುರು ನಿಂತೆ. ಗುದ್ದು, ಒದೆ ಎಲ್ಲಾ ಮೆಲ್ಲಗೆ, ಹಿಡಿತಕ್ಕೆ ಮಾತ್ರ ಅಡ್ಡಿಯಿಲ್ಲ ಅಂತ ಮಾತಾಗಿತ್ತು. ನಾನು ಒಂದು ಮಾಯೆ ಗೆರಿ, ಅಂದರೆ ನೇರ ಮುಂದಕ್ಕೆ ಹಾಕುವ ಒದೆ, ಬಿಟ್ಟೆ. ಅದು ತಾಗಿತು ಕೂಡ. ಆದರೆ ಕಾಲು ವಾಪಸ್ ನೆಲ ಮುಟ್ಟುವ ಮೊದಲೇ ಅವನ ಹೆಗಲು ನನ್ನ ಸೊಂಟಕ್ಕೆ ಅಂಟಿತ್ತು, ಎರಡೂ ಕೈ ನನ್ನ ಮೊಣಕಾಲಿನ ಹಿಂದೆ ಬೀಗ ಹಾಕಿದ ಹಾಗೆ ಕೂತಿದ್ದವು, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ನಾನು ಮ್ಯಾಟ್ ಮೇಲೆ ಅಂಗಾತ ಬಿದ್ದಿದ್ದೆ. ಬೀಳುವಾಗ ಕೈ ಊರಿದೆ. ಮಣಿಕಟ್ಟು ಉಳುಕಿ ಮೂರು ವಾರ ಗುದ್ದು ಹೊಡೆಯಲು ಆಗಲಿಲ್ಲ.

ಆ ಮೂರು ವಾರ ಸುಮ್ನೆ ಕೂತು ಯೋಚಿಸಿದಾಗ ಒಂದು ವಿಷಯ ಗೊತ್ತಾಯಿತು. ಕೈಕಾಲು ಚಾಚಿದರೆ ತಾಗುವ ದೂರದಲ್ಲಿ ಏನು ಮಾಡಬೇಕು ಅನ್ನುವುದು ನನಗೆ ಚೆನ್ನಾಗಿ ಬರುತ್ತಿತ್ತು. ಎದೆಗೆ ಎದೆ ತಾಗುವ ದೂರದಲ್ಲಿ ಏನೂ ಬರುತ್ತಿರಲಿಲ್ಲ. ಕುಸ್ತಿ ಪೂರ್ತಿ ಆ ದೂರದ ವಿದ್ಯೆ. ಹಾಗಾಗಿ ಕರಾಟೆ, ಟೇಕ್ವಾಂಡೋ, ಕಿಕ್‌ಬಾಕ್ಸಿಂಗ್ ಮಾಡುವವರು ಪಕ್ಕದಲ್ಲಿ ಇನ್ನೊಂದು ಕಲೆ ಕಲಿಯಬೇಕೆಂದರೆ ನಾನು ಮೊದಲು ಹೇಳುವುದು ಕುಸ್ತಿಯನ್ನೇ. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಉಪಯೋಗ ಕೊಡುವುದು ನನಗೆ ಬೇರೆ ಕಂಡಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಕುಸ್ತಿ ಕಲಿತರೆ ಇನ್ನು ಎಲ್ಲರನ್ನೂ ಕೆಡವುತ್ತಾ ಹೋಗಬೇಕು, ಗುದ್ದು ಒದೆ ಎಲ್ಲಾ ಮೂಲೆಗೆ ಬೀಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಆಗುವುದು ಉಲ್ಟಾ. ಬೀಳುವ ಭಯ ಹೋದ ಮೇಲೆ ಒದೆ ಜಾಸ್ತಿ ಬಿಡುತ್ತೀರಿ, ಗುದ್ದಿನಲ್ಲಿ ಸೊಂಟ ಪೂರ್ತಿ ತಿರುಗುತ್ತದೆ. ಚಕ್ ಲಿಡೆಲ್ ಅವರನ್ನು ನೋಡಿ. ಚಿಕ್ಕಂದಿನಿಂದ ಕರಾಟೆ, ಆಮೇಲೆ ಕಾಲೇಜಿನಲ್ಲಿ ಕುಸ್ತಿ. 2005ರಲ್ಲಿ ಯುಎಫ್‌ಸಿಯ (ಗುದ್ದು, ಒದೆ, ಹಿಡಿತ ಎಲ್ಲಾ ನಡೆಯುವ ಮಿಶ್ರ ಕಾಳಗದ ಸ್ಪರ್ಧೆ) ಲೈಟ್ ಹೆವಿವೇಟ್ ಚಾಂಪಿಯನ್ ಆದಾಗ ಅವರು ಹೆಸರು ಮಾಡಿದ್ದು ಕೆಡವುವುದಕ್ಕಲ್ಲ, ಗುದ್ದಿಗೆ. ಕುಸ್ತಿಯನ್ನು ಅವರು ಹೆಚ್ಚಾಗಿ ಬಳಸಿದ್ದು ತಾವು ಕೆಳಗೆ ಬೀಳದೆ ನಿಂತೇ ಇರುವುದಕ್ಕೆ. ನಿಂತಿದ್ದರೆ ತಾನೇ ಗುದ್ದು?

ಇನ್ನೊಂದು ತುದಿಯಲ್ಲಿ ಯುಎಫ್‌ಸಿಯ ಇನ್ನೊಬ್ಬ ಚಾಂಪಿಯನ್ ಜಾರ್ಜ್ ಸೇಂಟ್ ಪಿಯರ್. ಅವರದು ಕ್ಯೋಕುಶಿನ್ ಎಂಬ ಶೈಲಿಯ ಕರಾಟೆ. ಶಾಲೆ, ಕಾಲೇಜಿನಲ್ಲಿ ಕುಸ್ತಿ ಆಡಿದವರೇ ಅಲ್ಲ, ದೊಡ್ಡವರಾದ ಮೇಲೆ ಕಲಿತರು. ಆದರೂ 2007ರಲ್ಲಿ ಜಾಶ್ ಕೋಸ್‌ಚೆಕ್ ಅವರನ್ನು, ಅಮೆರಿಕದ ಕಾಲೇಜು ಕುಸ್ತಿಯಲ್ಲಿ 2001ರ ಚಾಂಪಿಯನ್ ಆಗಿದ್ದವರನ್ನು, ಕುಸ್ತಿಯಲ್ಲೇ ಕೆಡವಿದರು. ದೂರದಿಂದ ಒಳಗೆ ನುಗ್ಗುವ ವೇಗ ಕರಾಟೆಯಿಂದ ಬಂದದ್ದು, ನುಗ್ಗಿದ ಮೇಲೆ ಹಿಡಿಯುವ ಕೆಲಸ ಕುಸ್ತಿಯದು. ವಯಸ್ಸಾಯಿತು, ಇನ್ನು ಕುಸ್ತಿ ಬರಲ್ಲ ಅನ್ನುವವರಿಗೆ ನಾನು ಇವರ ಹೆಸರನ್ನೇ ಹೇಳುವುದು.

ಸರಿ, ಶುರು ಹೇಗೆ?

ಮೊದಲ ದಿನವೇ ಪಟ್ಟು ಕಲಿಯಲು ಹೋಗಬೇಡಿ. ಮೊದಲು ಬೀಳುವುದನ್ನು ಕಲಿಯಿರಿ. ಗದ್ದ ಎದೆಗೆ ಒತ್ತಿರಬೇಕು, ಬೆನ್ನು ದುಂಡಗೆ ಇರಬೇಕು, ಕೈಯನ್ನು ನೆಟ್ಟಗೆ ಹಿಂದಕ್ಕೆ ಊರಲೇಬಾರದು. ಇಡೀ ಮೈ ಭಾರ ಒಂದು ನೆಟ್ಟಗಿನ ಕೈ ಮೇಲೆ ಬಿದ್ದರೆ ಮಣಿಕಟ್ಟು, ಮೊಣಕೈ, ಭುಜ ಈ ಮೂರರಲ್ಲಿ ಒಂದು ಹೋಗುತ್ತದೆ, ನನಗೆ ಹೋದ ಹಾಗೆ. ಮೊದಲು ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಉರುಳಿ, ಆಮೇಲೆ ನಿಂತು, ಆಮೇಲೆ ಜೊತೆಗಾರ ಮೆಲ್ಲಗೆ ತಳ್ಳಿದಾಗ. ಎರಡು ವಾರ ದಿನಾ ಹತ್ತು ನಿಮಿಷ ಸಾಕು. ಇದನ್ನು ಹಾರಿಸಿ ಮುಂದೆ ಹೋದವರೇ ಜಾಸ್ತಿ ಪೆಟ್ಟು ಮಾಡಿಕೊಳ್ಳುವುದು.

ಆಮೇಲೆ ನಿಲುವು. ಕರಾಟೆಯ ಝೆನ್‌ಕುತ್ಸು ದಾಚಿ ಅನ್ನುವ ನಿಲುವಿನಲ್ಲಿ ಮುಂಗಾಲು ದೂರ ಇರುತ್ತದೆ, ಹಿಂಗಾಲು ನೆಟ್ಟಗೆ. ಕುಮಿಟೆಯಲ್ಲಿ, ಅಂದರೆ ಇಬ್ಬರು ಎದುರುಬದುರು ಆಡುವಾಗ, ಮೈಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲುತ್ತೇವೆ. ಗುದ್ದಿನ ಆಟಕ್ಕೆ ಅದು ಸರಿ, ಆದರೆ ಕುಸ್ತಿಯವನ ಕಣ್ಣಿಗೆ ಮುಂದೆ ಚಾಚಿದ ಆ ಕಾಲು ಹಿಡಿಯುವುದಕ್ಕೆಂದೇ ಇಟ್ಟ ಹಾಗೆ ಕಾಣುತ್ತದೆ. ಕುಸ್ತಿಯಲ್ಲಿ ಸೊಂಟ ಕೆಳಗೆ, ಎರಡೂ ಮೊಣಕಾಲು ಬಾಗಿ, ಭಾರ ಅಂಗಾಲಿನ ಮುಂಭಾಗದಲ್ಲಿ, ಮೊಣಕೈ ಪಕ್ಕೆಗೆ ಹತ್ತಿರ, ತಲೆ ಎತ್ತಿ. ಕರಾಟೆ ನಿಲುವನ್ನು ಪೂರ್ತಿ ಬಿಡಬೇಕಾಗಿಲ್ಲ. ದೂರ ಇದ್ದಾಗ ನಿಮ್ಮ ನಿಲುವಲ್ಲೇ ಇರಿ, ಎದುರಾಳಿಯ ಕೈ ನಿಮ್ಮನ್ನು ಮುಟ್ಟುವ ದೂರಕ್ಕೆ ಬಂದ ಕೂಡಲೇ ಸೊಂಟ ಇಳಿಸಿ ಎದೆಯನ್ನು ಅವನ ಕಡೆ ತಿರುಗಿಸಿ. ಒಂದು ನಿಲುವಿನಿಂದ ಇನ್ನೊಂದಕ್ಕೆ ಹೋಗುವ ಆ ಅರ್ಧ ಹೆಜ್ಜೆ ಇದೆಯಲ್ಲ, ಅದನ್ನೇ ಕನ್ನಡಿ ಮುಂದೆ ನೂರು ಸಲ ಮಾಡಿ.

ಮೂರನೆಯದು ಸ್ಪ್ರಾಲ್. ಕರಾಟೆಯವರು ಕುಸ್ತಿಯಿಂದ ಒಂದೇ ಒಂದು ವಿಷಯ ಕಲಿಯಬಹುದು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಎದುರಾಳಿ ನಿಮ್ಮ ಕಾಲಿಗೆ ಕೈ ಹಾಕಲು ತಗ್ಗಿದ ಕೂಡಲೇ ಎರಡೂ ಕಾಲನ್ನು ಹಿಂದಕ್ಕೆ ಎಸೆದು ಸೊಂಟವನ್ನು ಅವನ ಹೆಗಲ ಮೇಲೆ, ಬೆನ್ನ ಮೇಲೆ ಇಳಿಸುವುದು. ಕೇಳಲು ಸುಲಭ. ಮಾಡುವಾಗ ಎಲ್ಲರೂ ಮಾಡುವ ತಪ್ಪು ಒಂದೇ: ಕೈಯಿಂದ ತಳ್ಳುತ್ತಾ ಸೊಂಟ ಮಡಿಸಿ ಹಿಂಭಾಗವನ್ನು ಮೇಲೆ ಎತ್ತುತ್ತಾರೆ. ಆಗ ನಿಮ್ಮ ಭಾರ ಅವನ ಮೇಲೆ ಬೀಳುವುದೇ ಇಲ್ಲ, ಅವನು ತೆವಳಿಕೊಂಡು ಒಳಗೆ ಬಂದು ಕಾಲು ಹಿಡಿಯುತ್ತಾನೆ. ಸರಿಯಾಗಿ ಮಾಡಿದರೆ ನಿಮ್ಮ ಹೊಟ್ಟೆಯ ಕೆಳಭಾಗ ಮುಂದಕ್ಕೆ ಒತ್ತಿರುತ್ತದೆ, ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ, ಮೊಣಕಾಲು ನೆಲ ಮುಟ್ಟಿರುವುದಿಲ್ಲ, ಕಾಲ್ಬೆರಳು ಮಾತ್ರ ನೆಲದಲ್ಲಿ. ನಿಮ್ಮ ಇಡೀ ತೂಕ ಅವನ ಹೆಗಲ ಮೇಲೆ ಕೂತಿದೆ, ಅವನು ಮುಂದೆ ಬರಲು ಹೆಣಗುತ್ತಿದ್ದಾನೆ. ಜೊತೆಗಾರನನ್ನು ಕೇಳಿ: ಭಾರ ಅನ್ನಿಸುತ್ತಿದೆಯಾ? ಇಲ್ಲ ಅಂದರೆ ಸೊಂಟ ಇನ್ನೂ ಇಳಿದಿಲ್ಲ. ಹತ್ತರ ಐದು ಸೆಟ್, ನಡುವೆ ಒಂದು ನಿಮಿಷ ಬಿಡುವು. ಮೂರನೇ ಸೆಟ್‌ಗೆ ಉಸಿರು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ.

ಸ್ಪ್ರಾಲ್ ಮಾಡಿ ಅಲ್ಲೇ ಮಲಗಿರಬೇಡಿ. ತಕ್ಷಣ ಪಕ್ಕಕ್ಕೆ ಸುತ್ತಿ ಅವನ ಬೆನ್ನ ಕಡೆ ಹೋಗಿ, ಇಲ್ಲವೇ ತಳ್ಳಿ ಎದ್ದು ದೂರ ಸರಿಯಿರಿ. ಕರಾಟೆಯವರಿಗೆ ಎರಡನೆಯದು ಚೆನ್ನಾಗಿ ಒಗ್ಗುತ್ತದೆ, ಯಾಕೆಂದರೆ ಅವನು ಇನ್ನೂ ಏಳುತ್ತಿರುವಾಗ ನೀವು ಆಗಲೇ ನಿಮ್ಮ ದೂರದಲ್ಲಿ ನಿಂತಿರುತ್ತೀರಿ.

ಒದ್ದಾಗ ಎದುರಾಳಿ ಕಾಲು ಹಿಡಿದುಕೊಂಡರೆ? ಡೋಜೋದಲ್ಲಿ (ಕರಾಟೆ ಕಲಿಯುವ ಜಾಗದಲ್ಲಿ) ಕಾಲು ಸಿಕ್ಕವರು ಒಂಟಿ ಕಾಲಲ್ಲಿ ಹಿಂದಕ್ಕೆ ಕುಪ್ಪಳಿಸುತ್ತಾರೆ, ಕೊನೆಗೆ ಬೀಳುತ್ತಾರೆ. ಕುಸ್ತಿಯವರಿಗೆ ಇದು ದಿನನಿತ್ಯದ ಪರಿಸ್ಥಿತಿ, ಸಿಂಗಲ್ ಲೆಗ್ ಅಂತ ಹೆಸರು, ಬಿಡಿಸಿಕೊಳ್ಳುವ ದಾರಿಯೂ ಗೊತ್ತು. ಹಿಂದಕ್ಕೆ ಹೋಗಬೇಡಿ, ಸೊಂಟವನ್ನು ಅವನ ಕಡೆಗೇ ತನ್ನಿ. ಸಿಕ್ಕ ಕಾಲಿನ ಕಡೆಯ ಕೈಯನ್ನು ಅವನ ತೋಳಿನ ಮೇಲಿನಿಂದ ಸುತ್ತಿ ಕಂಕುಳಲ್ಲಿ ಬಿಗಿಯಿರಿ, ಇನ್ನೊಂದು ಕೈಯಿಂದ ಅವನ ತಲೆಯನ್ನು ಕೆಳಕ್ಕೆ, ಹೊರಕ್ಕೆ ಒತ್ತಿ, ಆಮೇಲೆ ಆ ಕಾಲನ್ನು ನೆಲಕ್ಕೆ ಬಲವಾಗಿ ಇಳಿಸಿ. ತಲೆ ನಿಮ್ಮ ಮೈಗೆ ಅಂಟಿರುವ ತನಕ ಅವನಿಗೆ ಬಲ, ತಲೆ ಹೊರಗೆ ಹೋಯಿತು ಅಂದರೆ ಹಿಡಿತ ಅರ್ಧ ಸಡಿಲ.

ಇನ್ನು ಕೆಡವುವ ಪಟ್ಟು. ಹತ್ತು ಪಟ್ಟು ಅರ್ಧಂಬರ್ಧ ಕಲಿಯುವ ಬದಲು ಒಂದನ್ನು ಹಿಡಿಯಿರಿ. ನಾನು ಡಬಲ್ ಲೆಗ್, ಅಂದರೆ ಎರಡೂ ಕಾಲು ಹಿಡಿದು ಕೆಡವುವುದನ್ನು, ಹೇಳುತ್ತೇನೆ, ಯಾಕೆಂದರೆ ಕರಾಟೆಯ ಹೆಜ್ಜೆಗೆ ಅದು ಹತ್ತಿರ. ಮುಖಕ್ಕೆ ಒಂದು ಗುದ್ದು ತೋರಿಸಿ. ಅವನ ಕೈ ಮೇಲೆ ಹೋಗುತ್ತದೆ, ಮೈ ಸ್ವಲ್ಪ ನೆಟ್ಟಗಾಗುತ್ತದೆ. ಆಗ ಬೆನ್ನು ಬಾಗಿಸದೆ ಮೊಣಕಾಲು ಮಡಿಸಿ ತಗ್ಗಿ. ಬೆನ್ನು ಬಾಗಿದರೆ ತಲೆ ಮುಂದೆ ಬರುತ್ತದೆ, ತಲೆ ಮುಂದೆ ಬಂದರೆ ಅವನ ಮೊಣಕಾಲು ಮುಖಕ್ಕೆ ಬರುತ್ತದೆ, ಇಲ್ಲವೇ ಕತ್ತು ಅವನ ಕಂಕುಳಿಗೆ ಸಿಗುತ್ತದೆ. ಮುಂಗಾಲು ಅವನ ಎರಡು ಪಾದಗಳ ನಡುವೆ ಆಳಕ್ಕೆ ಹೋಗಬೇಕು, ಹೆಗಲು ಹೊಟ್ಟೆಗೆ ತಾಗಬೇಕು, ಕಿವಿ ಅವನ ಪಕ್ಕೆಗೆ ಅಂಟಬೇಕು, ಕಣ್ಣು ಮೇಲೆ. ಎರಡೂ ಕೈ ಮೊಣಕಾಲಿನ ಹಿಂದೆ. ಆಮೇಲೆ ನೇರ ತಳ್ಳಬೇಡಿ, ನಿಮ್ಮ ತಲೆ ಇರುವ ಬದಿಯಿಂದ ಆಚೆ ಬದಿಗೆ ಓರೆಯಾಗಿ ನಡೆಯಿರಿ, ತಲೆಯೇ ಅವನನ್ನು ತಿರುಗಿಸುತ್ತದೆ. ಮಾಯೆ ಗೆರಿ ಒದ್ದವರು ಕಾಲನ್ನು ಹಿಂದಕ್ಕೆ ಎಳೆಯದೆ ಅಲ್ಲೇ ಮುಂದೆ ಇಳಿಸಿದರೆ ಅದೇ ಒಳ ಹೋಗುವ ಹೆಜ್ಜೆ. ಇದು ನನಗೆ ಹೊಳೆದ ದಿನ ಎಷ್ಟು ಖುಷಿಯಾಯಿತು ಅಂದರೆ, ಜೊತೆಗಾರನನ್ನು ರಾತ್ರಿ ತಡವಾಗುವ ತನಕ ಮನೆಗೆ ಹೋಗಲು ಬಿಡಲಿಲ್ಲ.

ಇದರ ಉಲ್ಟಾ ಕೂಡ ನಡೆಯುತ್ತದೆ. ಒಂದೆರಡು ಸಲ ನಿಜವಾಗಿ ಕಾಲಿಗೆ ಹೋದ ಮೇಲೆ ಸುಮ್ನೆ ಮೊಣಕಾಲು ಮಡಿಸಿ ತಗ್ಗಿದ ಹಾಗೆ ಮಾಡಿ ನೋಡಿ. ಅವನ ಎರಡೂ ಕೈ ಕೆಳಗೆ ಇಳಿಯುತ್ತದೆ. ಮುಖ ಖಾಲಿ. ಅಲ್ಲಿಗೆ ಗ್ಯಾಕು ಝುಕಿ (ಹಿಂಗೈ ಗುದ್ದು) ಹಾಕುವುದೋ ಮಾವಾಶಿ ಗೆರಿ (ಸುತ್ತು ಒದೆ) ಬಿಡುವುದೋ ನಿಮಗೆ ಬಿಟ್ಟದ್ದು.

ಹಿಕಿತೆ ಬಗ್ಗೆ ಒಂದು ಮಾತು, ಇದು ನನಗೆ ತುಂಬಾ ಇಷ್ಟವಾದ ವಿಷಯ. ಕಿಹೋನ್ ಅನ್ನುವ ಮೂಲ ಅಭ್ಯಾಸದಲ್ಲಿ ಒಂದು ಕೈ ಗುದ್ದುವಾಗ ಇನ್ನೊಂದನ್ನು ಸೊಂಟಕ್ಕೆ ಎಳೆದುಕೊಳ್ಳುತ್ತೇವೆ, ಅದೇ ಹಿಕಿತೆ. ಯಾಕೆ ಅಂತ ಕೇಳಿದರೆ ಬಲ ಬರುತ್ತದೆ ಅನ್ನುತ್ತಾರೆ. ಆದರೆ ಆ ಕೈಯಲ್ಲಿ ಎದುರಾಳಿಯ ತೋಳು ಇದೆ ಅಂದುಕೊಳ್ಳಿ, ಆಗ ಆ ಚಲನೆಗೆ ಬೇರೆಯೇ ಅರ್ಥ ಬರುತ್ತದೆ. ಕುಸ್ತಿಯ ಆರ್ಮ್ ಡ್ರ್ಯಾಗ್ ಮಾಡಿ ನೋಡಿ: ಅವನ ಬಲ ಮಣಿಕಟ್ಟನ್ನು ನಿಮ್ಮ ಎಡಗೈಯಲ್ಲಿ ಹಿಡಿಯಿರಿ, ಬಲಗೈಯನ್ನು ಅಡ್ಡ ಹಾಯಿಸಿ ಅದೇ ತೋಳನ್ನು ಕಂಕುಳ ಹತ್ತಿರ ಒಳಗಿನಿಂದ ಕೊಕ್ಕೆ ಹಾಕಿ, ನಿಮ್ಮ ಬಲ ಸೊಂಟಕ್ಕೆ ಎಳೆಯಿರಿ. ಎಡಗಾಲು ಅವನ ಬಲ ಪಾದದ ಆಚೆ. ನೀವು ಅವನ ಬೆನ್ನ ಹಿಂದೆ ಇರುತ್ತೀರಿ. ಆ ಎಳೆತವನ್ನು ಸಾವಿರ ಸಲ ಗಾಳಿಯಲ್ಲಿ ಮಾಡಿದ್ದೀರಿ, ಅಲ್ವಾ? ವಾಡೋ ರ್ಯೂ ಎಂಬ ಕರಾಟೆ ಶೈಲಿ ಕಟ್ಟಿದ ಹಿರೊನೊರಿ ಒತ್ಸುಕ ಅವರು ಕರಾಟೆಗೆ ಬರುವ ಮೊದಲು ಹಿಡಿತ, ಎಸೆತದ ಜಪಾನಿ ಕಲೆಯಾದ ಜುಜುತ್ಸು ಕಲಿತಿದ್ದವರು. ಹಿಡಿತ, ಎಸೆತ ಕರಾಟೆಗೆ ಹೊರಗಿನದು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕಟಾಗಳನ್ನು (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಕುಸ್ತಿ ಕಲಿತ ಕಣ್ಣಿನಿಂದ ಮತ್ತೆ ಒಂದು ಸಲ ನಿಧಾನವಾಗಿ ಮಾಡಿ, ಬ್ಲಾಕ್ ಅಂತ ಹೇಳಿಕೊಟ್ಟ ಎಷ್ಟೋ ಕೈಗಳು ಹಿಡಿತದ ಹಾಗೆ ಕಾಣಿಸಲು ಶುರುವಾಗುತ್ತವೆ.

ಕುಮಿಟೆ ಸ್ಪರ್ಧೆ ಆಡುವವರಿಗೂ ಇದರಲ್ಲಿ ಲಾಭ ಇದೆ. ವಿಶ್ವ ಕರಾಟೆ ಫೆಡರೇಶನ್ ನಿಯಮದಲ್ಲಿ ಬಿದ್ದ ಅಥವಾ ಬೀಳಿಸಿದ ಎದುರಾಳಿಗೆ ಸರಿಯಾಗಿ ಹಾಕಿದ ಗುದ್ದಿಗೆ ಇಪ್ಪೋನ್, ಅಂದರೆ 3 ಅಂಕ. ತಲೆಗೆ ಒದ್ದಷ್ಟೇ ಬೆಲೆ. ಸೊಂಟಕ್ಕಿಂತ ಮೇಲೆ ಎತ್ತಿ ಎಸೆಯುವ ಹಾಗಿಲ್ಲ, ಹಿಡಿತಕ್ಕೂ ಮಿತಿ ಇದೆ, ಹಾಗಾಗಿ ಡಬಲ್ ಲೆಗ್ ಅಲ್ಲಿ ನಡೆಯುವುದಿಲ್ಲ. ಆದರೆ ಎದುರಾಳಿಯ ಭಾರ ಯಾವ ಕಾಲಲ್ಲಿದೆ ಅನ್ನುವುದನ್ನು ಮುಟ್ಟಿದ ಕೂಡಲೇ ತಿಳಿಯುವ ಗುಣ ಕುಸ್ತಿಯಿಂದ ಬರುತ್ತದೆ, ಅದು ಬಂದ ಮೇಲೆ ಅಶಿ ಬರಾಯ್, ಅಂದರೆ ಎದುರಾಳಿಯ ಕಾಲನ್ನು ಗುಡಿಸುವ ಒದೆ, ಸರಿಯಾದ ಹೊತ್ತಿಗೆ ಬೀಳುತ್ತದೆ. ಭಾರ ಆ ಕಾಲಿಗೆ ಇಳಿಯುವ ಗಳಿಗೆಯಲ್ಲಿ ಗುಡಿಸಬೇಕು. ಪೂರ್ತಿ ಊರಿದ ಮೇಲೆ ಒದ್ದರೆ ನಿಮ್ಮ ಕಾಲಿಗೇ ನೋವು.

ಬೇರೆ ಕಲೆಯವರಿಗೆ ಚುಟುಕಾಗಿ. ಟೇಕ್ವಾಂಡೋದವರು ಕರಾಟೆಯವರಿಗಿಂತಲೂ ಪಕ್ಕಕ್ಕೆ ತಿರುಗಿ ನಿಲ್ಲುತ್ತಾರೆ, ಅವರಿಗೆ ಸಿಂಗಲ್ ಲೆಗ್‌ನಿಂದ ಬಿಡಿಸಿಕೊಳ್ಳುವುದೇ ಮೊದಲ ಪಾಠ. ಮುಯ್ ಥಾಯ್‌ನವರಿಗೆ ಕ್ಲಿಂಚ್ (ಹತ್ತಿರದಿಂದ ಹಿಡಿದುಕೊಳ್ಳುವುದು) ಆಗಲೇ ಗೊತ್ತು, ಆದರೆ ಅದು ನೆಟ್ಟಗೆ ನಿಂತ ಕ್ಲಿಂಚ್; ಕಂಕುಳ ಕೆಳಗಿನಿಂದ ತೋಳು ತೂರಿಸಿ ಹಿಡಿಯುವ ಅಂಡರ್‌ಹುಕ್ ಸೇರಿಸಿಕೊಂಡರೆ ಕೆಳಗಿನಿಂದ ಬರುವವರನ್ನೂ ತಡೆಯಬಹುದು. ಜೂಡೋದವರು ಎಸೆಯುವುದರಲ್ಲಿ ಗಟ್ಟಿ, ಆದರೆ ಅಂತರರಾಷ್ಟ್ರೀಯ ಜೂಡೋ ಸ್ಪರ್ಧೆಗಳಲ್ಲಿ ಕಾಲು ಹಿಡಿಯುವುದಕ್ಕೆ 2010ರಲ್ಲಿ ಕಡಿವಾಣ ಬಿತ್ತು, 2013ರಲ್ಲಿ ಪೂರ್ತಿ ನಿಂತಿತು. ಆಮೇಲೆ ಕಲಿತವರಿಗೆ ಕಾಲಿನ ಮೇಲಿನ ದಾಳಿ ಅಭ್ಯಾಸದಲ್ಲೇ ಇರುವುದಿಲ್ಲ. ಜಿಯು ಜಿಟ್ಸುವಿನವರು ನೆಲದಲ್ಲಿ ರಾಜರು, ನೆಲಕ್ಕೆ ಎದುರಾಳಿಯನ್ನು ತರುವ ದಾರಿ ಕುಸ್ತಿಯಲ್ಲಿದೆ.

ಕುಸ್ತಿಯಿಂದ ಎಲ್ಲವನ್ನೂ ಕಣ್ಣು ಮುಚ್ಚಿ ತೆಗೆದುಕೊಳ್ಳಬೇಡಿ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು, ಹಾಗಾಗಿ ಕೆಳಗೆ ಬಿದ್ದವರು ಕೂಡಲೇ ಹೊಟ್ಟೆ ಕೆಳಗಾಗಿ ತಿರುಗುತ್ತಾರೆ. ಗುದ್ದು ಅಥವಾ ಕತ್ತು ಹಿಸುಕುವ ಪಟ್ಟು ಇರುವ ಕಡೆ ಹಾಗೆ ಬೆನ್ನು ಕೊಟ್ಟು ಮಲಗುವುದು ಅಪಾಯ. ಎದ್ದು ನಿಲ್ಲುವ ಪಾಠವನ್ನು ಮಾತ್ರ ಬಿಡಬೇಡಿ. ಹಿಂದಿನಿಂದ ಸೊಂಟ ಹಿಡಿದಿದ್ದರೆ ಮೊದಲು ಅವನ ಬೆರಳು, ಮಣಿಕಟ್ಟು ಹಿಡಿಯಿರಿ, ಒಂದು ಪಾದ ಊರಿ, ಬೆನ್ನನ್ನು ಅವನ ಎದೆಗೆ ಒತ್ತುತ್ತಾ ಏಳಿ, ಕೈ ಬಿಡಿಸಿ ಕೂಡಲೇ ಅವನ ಕಡೆ ತಿರುಗಿ. ಕೈ ಹಿಡಿಯದೆ ಎದ್ದರೆ ಮತ್ತೆ ಎಳೆದು ಹಾಕುತ್ತಾನೆ. 1997ರಲ್ಲಿ ಕಿಕ್‌ಬಾಕ್ಸರ್ ಮಾರಿಸ್ ಸ್ಮಿತ್ ಅವರು ಮಾರ್ಕ್ ಕೋಲ್ಮನ್ ಎಂಬ ದೊಡ್ಡ ಕುಸ್ತಿಪಟುವಿನಿಂದ ಯುಎಫ್‌ಸಿ ಹೆವಿವೇಟ್ ಪಟ್ಟ ಗೆದ್ದದ್ದು ಹೆಚ್ಚುಕಮ್ಮಿ ಹೀಗೆಯೇ: ಕೆಳಗೆ ಬಿದ್ದಾಗ ತಾಳ್ಮೆ ಕಳೆದುಕೊಳ್ಳಲಿಲ್ಲ, ಎದ್ದರು, ದಣಿದ ಎದುರಾಳಿಗೆ ಒದೆ ಗುದ್ದು ಹಾಕಿದರು.

ದಣಿವಿನ ಮಾತು ಬಂತು ನೋಡಿ. ಕರಾಟೆಯಲ್ಲಿ ಮಿಂಚಿನ ಹಾಗೆ ಒಂದು ಸಲ ನುಗ್ಗಿ ಹೊರಗೆ ಬರುತ್ತೇವೆ, ನಡುವೆ ಉಸಿರಾಡಲು ಜಾಗ ಇರುತ್ತದೆ. ಕುಸ್ತಿಯಲ್ಲಿ ಇನ್ನೊಬ್ಬರ ತೂಕ ನಿಮ್ಮ ಮೇಲೆ ಇದ್ದೇ ಇರುತ್ತದೆ, ಸ್ನಾಯು ಬಿಗಿಯಾಗಿಯೇ ಇರುತ್ತದೆ. ಎಷ್ಟು ಓಡಿದ್ದರೂ ಮೊದಲ ತಿಂಗಳು ಎರಡು ನಿಮಿಷಕ್ಕೆ ಸುಸ್ತಾಗುತ್ತೀರಿ. ಇದಕ್ಕೆ ಹಳೆಯ ದಂಡ, ಬಸ್ಕಿ ಒಳ್ಳೆಯ ಮದ್ದು. ದಂಡದಲ್ಲಿ ಸೊಂಟ ಕೆಳಗಿಳಿದು ಎದೆ ಮೇಲೇಳುವ ಭಂಗಿ ಸ್ಪ್ರಾಲ್‌ನ ಭಂಗಿಯೇ. ಕತ್ತಿಗೆ ಬೇರೆ ಗಮನ ಬೇಕು. ಮೊದಲೇ ತಲೆ ಊರಿ ಮೈಯನ್ನು ಕಮಾನಿನ ಹಾಗೆ ಎತ್ತುವ ಬ್ರಿಡ್ಜ್ ಮಾಡಲು ಹೋಗಬೇಡಿ. ಅಂಗೈಯನ್ನು ಹಣೆಗೆ ಇಟ್ಟು ಹತ್ತು ಸೆಕೆಂಡ್ ಒತ್ತಿ, ಹಾಗೆಯೇ ಹಿಂದೆ, ಎಡಕ್ಕೆ, ಬಲಕ್ಕೆ. ಎರಡು ತಿಂಗಳು ಇಷ್ಟೇ.

ವಾರಕ್ಕೆ ಎರಡು ದಿನ ಕುಸ್ತಿ, ಎರಡು ಮೂರು ದಿನ ಕರಾಟೆ ಸಾಕು. ಕುಸ್ತಿಯ ಮಾರನೇ ದಿನ ಜೋರು ಕುಮಿಟೆ ಇಟ್ಟುಕೊಳ್ಳಬೇಡಿ, ಮೈ ಬಿಗಿದಿರುತ್ತದೆ, ಆ ದಿನ ಕಟಾ ಮಾಡಿ. ಕುಸ್ತಿ ಕಲಿಸುವವರ ಹತ್ತಿರ ಮೊದಲ ದಿನವೇ ನಾನು ಕರಾಟೆಯವನು, ಬೀಳುವುದರಿಂದ ಶುರು ಮಾಡಬೇಕು ಅಂತ ಹೇಳಿ. ನಿಮ್ಮ ಸೆನ್ಸೈಗೂ (ಕರಾಟೆ ಗುರುವಿಗೂ) ಮುಚ್ಚಿಡಬೇಡಿ, ಗೌರವದಿಂದ ಹೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಉಗುರು ಚಿಕ್ಕದಾಗಿ ಕತ್ತರಿಸಿಕೊಳ್ಳಿ. ಮ್ಯಾಟ್‌ನಿಂದ ಇಳಿದ ಕೂಡಲೇ ಸೋಪು ಹಾಕಿ ಸ್ನಾನ, ಬೆವರಿನ ಬಟ್ಟೆಯನ್ನು ಒಂದು ಸಲ ಹಾಕಿದ ಮೇಲೆ ಒಗೆಯಲು ಹಾಕಿ. ಮೈಗೆ ಮೈ ಉಜ್ಜುವ ಆಟದಲ್ಲಿ ಹುಳುಕಡ್ಡಿ ಬೇಗ ಹರಡುತ್ತದೆ; ಚರ್ಮದ ಮೇಲೆ ದುಂಡಗಿನ ಕೆಂಪು ಗುರುತು ಕಂಡರೆ ವಾಸಿಯಾಗುವ ತನಕ ಮ್ಯಾಟ್ ಹತ್ತಬೇಡಿ, ಇದು ಜೊತೆಗಾರರಿಗೆ ನೀವು ತೋರಿಸುವ ಮರ್ಯಾದೆ. ಕಿವಿ ಊದಿಕೊಂಡು ಮೆತ್ತಗಾದರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ, ಕೂಡಲೇ ಡಾಕ್ಟರ ಹತ್ತಿರ ಹೋಗಿ, ತಡವಾದರೆ ಅದು ಹಾಗೇ ಗಟ್ಟಿಯಾಗಿ ಉಳಿದುಬಿಡುತ್ತದೆ.

ಮೂರನೇ ತಿಂಗಳಿಗೆ ಎರಡನ್ನೂ ಸೇರಿಸುವ ಆಟ ಶುರು ಮಾಡಿ. ಇಬ್ಬರೂ ಬಾಯಿಗೆ ಗಾರ್ಡ್, ಕೈಗೆ ಮೆತ್ತನೆ ಗ್ಲೌಸ್ ಹಾಕಿಕೊಳ್ಳಿ. ಎರಡು ನಿಮಿಷ ಒಬ್ಬರಿಗೆ ಗುದ್ದು ಒದೆ ಮಾತ್ರ, ಮೆಲ್ಲಗೆ. ಇನ್ನೊಬ್ಬರಿಗೆ ಕೆಡವುವುದು ಮಾತ್ರ. ಆಮೇಲೆ ಪಾತ್ರ ಬದಲು. ಗುದ್ದುವವರು ಬಿದ್ದರೆ ಆಟ ನಿಲ್ಲುವುದಿಲ್ಲ, ಎದ್ದು ದೂರ ಸರಿಯುವ ತನಕ ಮುಂದುವರಿಯುತ್ತದೆ. ಮೊದಲ ವಾರ ಎರಡು ನಿಮಿಷಕ್ಕೆ ಎಷ್ಟು ಸಲ ಬಿದ್ದಿರಿ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ನನ್ನದು ಏಳು ಇತ್ತು. ಎಂಟನೇ ವಾರಕ್ಕೆ ಎರಡಾಯಿತು, ಮತ್ತೆ ಆ ಹೊತ್ತಿಗೆ ನಾನು ಬಿಡುತ್ತಿದ್ದ ಮಾಯೆ ಗೆರಿಗಳ ಲೆಕ್ಕ ಯಾರೂ ಇಡುತ್ತಿರಲಿಲ್ಲ.